ಕಲ್ಲಿಗೆ ಸುತ್ತಿದ ಕೆಂಪು ಎಳೆ

ಅಣ್ಣ, ನಿನ್ನ ದಾರ ಬಣ್ಣ ಬಿಟ್ಟಿರಲಿಲ್ಲ. ಮೀನುಗಳನ್ನು ಕೊಂದದ್ದು ನಾನು.

ದೊಡ್ಡಬಳ್ಳಾಪುರದ ನಮ್ಮ ನಡುಮನೆಯ ಗಾಜಿನ ಮೀನು ತೊಟ್ಟಿಯಲ್ಲಿ ಗಿಡ ಕಟ್ಟುವುದು ನಿನ್ನ ಕೆಲಸವಾಗಿತ್ತು. ಪಾಚಿಯನ್ನು ಕಲ್ಲಿನ ಮೇಲೆ ಹರಡಿ, ಸೀರೆ ನೇಯುವವರಿಗಾಗಿ ನೀನೇ ಬಣ್ಣ ಹಾಕಿದ ಕೆಂಪು ರೇಷ್ಮೆ ಎಳೆ ಸುತ್ತಿ, ಮಗ್ಗದಲ್ಲಿ ನೂಲು ಹರಿದಾಗ ಹಾಕುವ ಗಂಟನ್ನೇ ಹಾಕುತ್ತಿದ್ದೆ. ಸಸ್ಯಶಾಸ್ತ್ರ ಓದಿದವನೆಂದು ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ನನ್ನ ಪಾಲಿಗೆ. ಬೆಳಕಿದ್ದರೆ ಮಾತ್ರ ಗಿಡಗಳಿಗೆ ಅದು ಬೇಕು, ದೀಪ ಆರಿಸಿದರೆ ಅನಿಲವನ್ನೂ ನಿಲ್ಲಿಸಬೇಕು, ಇಲ್ಲದಿದ್ದರೆ ಮೀನುಗಳಿಗೆ ಉಸಿರುಗಟ್ಟುತ್ತದೆ — ಮನೆಯವರಿಗೆಲ್ಲ ಹೀಗೆ ಪಾಠ ಹೇಳಿದವನೂ ನಾನೇ.

ಮರುದಿನ ಅತ್ತಿಗೆಯ ತವರಿನವರು ಬರುವವರಿದ್ದರು. ಎಲೆಗಳ ಮೇಲೆ ಗುಳ್ಳೆಗಳು ಮುತ್ತಿನ ಹಾಗೆ ಕೂತಿರಲಿ ಎಂದು ಸಂಜೆ ಸಿಲಿಂಡರಿನ ವಾಲ್ವನ್ನು ಜಾಸ್ತಿ ತೆರೆದೆ. ಆಮೇಲೆ ದೀಪ ಆರಿಸಿದೆ. ವಾಲ್ವು — ಮರೆತೆನೋ, ಒಂದು ರಾತ್ರಿಗೆ ಏನಾದೀತು ಎಂದು ಬಿಟ್ಟೆನೋ... ಎಷ್ಟು ಕೆದಕಿದರೂ ನೆನಪು ನನ್ನನ್ನು ಉಳಿಸುವ ಕಡೆಗೇ ವಾಲುತ್ತದೆ. ಅದನ್ನು ನಂಬಲಾರೆ.

ಬೆಳಿಗ್ಗೆ ಮೀನುಗಳು ಸತ್ತು ತೇಲುತ್ತಿದ್ದವು. ಅನಿಲದ ಪ್ರಮಾಣ ತೋರಿಸುವ ಪುಟ್ಟ ಬುಡ್ಡಿಯ ಹಸಿರು ನೀರು, ಅನಿಲ ಮಿತಿಮೀರಿದಾಗ ಆಗುವಂತೆ, ಹಳದಿಯಾಗಿತ್ತು — ಅಥವಾ ಅದು ಕಿಟಕಿಯ ಬಿಸಿಲೋ? ಅದೂ ಅನುಮಾನವೇ. ಆದರೆ ನೀನು ಎದ್ದು ಬರುವ ಮೊದಲೇ ವಾಲ್ವನ್ನು ಮುಚ್ಚಿದೆ. ನನಗೆ ಗೊತ್ತಿರಲಿಲ್ಲವಾದರೆ ಯಾಕೆ ಮುಚ್ಚಿದೆ?

"ಏನಾಯ್ತೋ?" ಅಂದೆ ನೀನು.

"ನಿನ್ನ ದಾರ ಬಣ್ಣ ಬಿಟ್ಟಿದೆ ಕಣಣ್ಣ."

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತಿಗೆಯ ತಮ್ಮ, "ಏನ್ ಭಾವ, ಮೀನಿಗೂ ಸೀರೆ ಉಡ್ಸೋಕೆ ಹೋಗಿದ್ರಾ?" ಎಂದು ನಗಿಸಿದ. ನೀನೂ ನಕ್ಕೆ. ಸಂಜೆ ಮಾತ್ರ ನೀನು ಅದೇ ಕೆಂಪಿನ ಇನ್ನೊಂದು ಎಳೆಯನ್ನು ಗಾಜಿನ ಲೋಟದ ನೀರಲ್ಲಿ ನೆನೆಹಾಕಿದೆ. ಮರುದಿನ ಲೋಟವನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದೆ. ನೀರು ತಿಳಿಯಾಗಿತ್ತು. "ಬಿಟ್ಟಿಲ್ವಲ್ಲೋ," ಅಂದೆ, ಕೇಳುವವನ ಹಾಗೆ.

ಆಗಲೂ ಹೇಳಬಹುದಿತ್ತು. ನಾನು ಹೇಳಿದ್ದು — "ಕಣ್ಣಿಗೆ ಕಾಣೋಷ್ಟು ಬಿಡಬೇಕಾಗಿಲ್ಲ ಅಣ್ಣ, ಕಾಣದಷ್ಟು ಬಿಟ್ರೂ ಮೀನಿಗೆ ಸಾಕು."

"ಇರ್ಬೋದು. ಓದಿದೋನು ನೀನು."

ಮೊದಲ ಸುಳ್ಳು ಭಯದಿಂದ ಬಂದಿತ್ತು. ಎರಡನೆಯದು — ಅದಕ್ಕೆ ಏನು ಹೆಸರಿಡಲಿ.

ಅಲ್ಲಿಂದ ನೀನು ಒಂದೊಂದು ರೇಷ್ಮೆ ಲಡಿಯನ್ನೂ ಮತ್ತೆ ಮತ್ತೆ ತೊಳೆಯತೊಡಗಿದೆ. ನಿನ್ನ ಕೆಂಪನ್ನೇ ಕೇಳಿಕೊಂಡು ಬರುತ್ತಿದ್ದವರಿಗೆ, ನನ್ನ ಬಣ್ಣದ ಮೇಲೆ ನನಗೇ ಭರವಸೆಯಿಲ್ಲ, ಬೇರೆ ಕಡೆ ಹಾಕಿಸಿ ಎಂದು ನೀನೇ ಹೇಳಿ ಕಳಿಸಿದೆ. ಕಡೆಗೆ ಬಣ್ಣದ ಬಾನಿ ಹಿತ್ತಲು ಸೇರಿತು. ಈಗ ಸೋಂಪುರದ ಫ್ಯಾಕ್ಟರಿಯಲ್ಲಿ ಡಬ್ಬಗಳಿಗೆ ಮುಚ್ಚಳ ಹಾಕುವ ಯಂತ್ರದ ಮುಂದೆ ನಿಲ್ಲುತ್ತೀಯ. ಸಂಜೆ ಬಂದು ಕೈ ತೊಳೆಯುವಾಗ ನೋಡುತ್ತೇನೆ. ಉಗುರಿನ ಸಂದಿಯಲ್ಲಿ ಯಾವ ಬಣ್ಣವೂ ಇಲ್ಲ.

ತೊಟ್ಟಿ ಒಣಗಿದ ಮೇಲೆ ಒಂದು ಕಲ್ಲನ್ನು ನಾನು ಎತ್ತಿಟ್ಟುಕೊಂಡೆ. ಪಾಚಿ ಪುಡಿಯಾಗಿ ಉದುರಿಹೋಗಿದೆ. ಗಂಟು ಬಿಚ್ಚಿಲ್ಲ, ಎಳೆಯ ಕೆಂಪು ಹಾಗೇ ಇದೆ. ಇದನ್ನು ಓದಿ ನೀನು ಮತ್ತೆ ಬಾನಿಗೆ ನೀರು ತುಂಬುತ್ತೀಯ ಎಂದು ನನಗೆ ಅನ್ನಿಸುತ್ತಿಲ್ಲ. ಆದರೂ ಇವತ್ತು ನೀನು ಕೆಲಸದಿಂದ ಬಂದ ಮೇಲೆ ಈ ಕಾಗದದ ಜೊತೆ ಆ ಕಲ್ಲನ್ನು ನಿನ್ನ ಕೈಗೆ ಕೊಡುತ್ತೇನೆ.