ವಖಾರದ ಕ್ಯಾಸೆಟ್ಟುಗಳು

ಚಿಕ್ಕೋಡಿಯ ನನ್ನ ಅಂಗಡಿಗೆ ಜನ ಹಳೆಯ ಕ್ಯಾಸೆಟ್ಟು ತರುತ್ತಾರೆ. ಏಕಸಂಬಿ, ಕಬ್ಬೂರ ಕಡೆಯವರ ಮದುವೆ, ಭಜನೆ, ತೀರಿಹೋದ ಅಜ್ಜಿಯ ಬೀಸುವ ಪದ, ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ. ಗೊರಗೊರ ಸದ್ದು ತೆಗೆಯುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬವಿತ್ತು. ಅದನ್ನು ಇಳಿಸಿದವನು ಮಾಮಾ.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ, ನಿಪ್ಪಾಣಿಯವನು. ಹರೆಯದಲ್ಲಿ ಮುಂಬಯಿಯ ಹೋಟೆಲ್ ಬ್ಯಾಂಡಿನಲ್ಲಿ ಟೆನರ್ ಸ್ಯಾಕ್ಸೋಫೋನ್ ನುಡಿಸುತ್ತ ಜಾಝ್ ಹುಚ್ಚು ಹಚ್ಚಿಕೊಂಡು ಬಂದಿದ್ದ. ಊರಲ್ಲಿ ಮದುವೆ ಬ್ಯಾಂಡು ಸೇರಿದ. ಅಲ್ಲಿ ಕ್ಲಾರಿಯೋನೆಟ್ಟಿನವನಿಗೆ ಹಾರ, ಇವನಿಗೆ ಕಡೆಯ ಸಾಲು. ಅಥಣಿಯಿಂದ ಕಾಗವಾಡದವರೆಗೆ ಎಷ್ಟೋ ಮೆರವಣಿಗೆಗಳಲ್ಲಿ ಮದುಮಗನ ಕುದುರೆ ನಿಂತಾಗ ಮೆಲ್ಲಗೆ ತನ್ನ ಜಾಝ್ ನುಡಿಸುತ್ತಿದ್ದ, ಯಾರಾದರೂ "ಏ, ಸಿನಿಮಾದ್ದು ಹಚ್ಚೊ!" ಎಂದು ಕೂಗುವವರೆಗೆ. ಅಂಥವನನ್ನು ನಮ್ಮ ಸೀಮೆ ಕಿವಿಗೇ ಹಾಕಿಕೊಳ್ಳಲಿಲ್ಲ ಎಂಬ ಸಿಟ್ಟು ನನಗೆ ಇವತ್ತಿಗೂ ಇದೆ.

ಹೋದ ಬೇಸಿಗೆಯಲ್ಲಿ ಅವನು ಏಳು ಕ್ಯಾಸೆಟ್ಟು ತಂದ. ಮಾಮಿ ತೀರಿ ಆಗಷ್ಟೇ ವರ್ಷವಾಗಿತ್ತು.

"ನಿಮ್ಮ ಮಾಮಿ ತಂಬಾಕಿನ ವಖಾರದಾಗ ಜರಡಿ ಹಿಡಿಯಾಕ ಹೋಗ್ತಿದ್ಲಲ್ಲ, ಆ ಗೋದಾಮಿನ್ಯಾಗ ಸೂಟಿ ದಿವಸ ರೆಕಾರ್ಡ್ ಮಾಡಿದ್ದು. ಬಟನ್ ಒತ್ತಾಕಿ ಅಕೀನ. ಇಷ್ಟ ಉಳದಾವು ನೋಡು."

ಟೇಪು ಬೂಷ್ಟು ಹಿಡಿದಿತ್ತು. ಒಂದು ಸಲ ಓಡುವಷ್ಟರಲ್ಲಿ ಕಂದು ಪುಡಿ ಉದುರಿ ಬರೀ ಪ್ಲಾಸ್ಟಿಕ್ ಉಳಿಯಿತು. ಆದರೆ ಕಂಪ್ಯೂಟರಿಗೆ ಬಂದ ಆ ನಾದ! ಖಾಲಿ ವಖಾರದ ತುಂಬ ತಿರುಗಾಡಿ ಬಂದ ದಪ್ಪ, ಬೆಚ್ಚನೆ ನಾದ. ಕಣ್ಣು ತುಂಬಿತು. ತೊಂದರೆ ಒಂದೇ, ನಡುನಡುವೆ ಯಾರದೋ ಕೆಮ್ಮು. ನಿಪ್ಪಾಣಿಯಲ್ಲಿ ತಂಬಾಕಿನ ಘಾಟಿಗೆ ಕೆಮ್ಮದವರು ಯಾರು? ನಾವು ಅದನ್ನು ಫ್ಯಾನಿನ ಸದ್ದಿನಷ್ಟೂ ಲೆಕ್ಕಕ್ಕಿಡುವುದಿಲ್ಲ. ಜಗತ್ತಿಗೆ ನಮ್ಮ ಮಾಮಾನನ್ನು ಕೇಳಿಸಬೇಕಲ್ಲ! ಮೂರು ದಿನ ಕೂತು ಒಂದೊಂದೇ ಕೆಮ್ಮನ್ನು ಕಿತ್ತೆ. ಸ್ವಚ್ಛ ಮಾಡಿದ್ದನ್ನು ಮೂಲ ಫೈಲಿನ ಮೇಲೆಯೇ ಸೇವ್ ಮಾಡಿದೆ.

ಆಗಲೇ ಒಂದು ವಿಚಿತ್ರ ಗಮನಕ್ಕೆ ಬಂದಿತ್ತು. ಕೆಮ್ಮಿದ್ದಲ್ಲೆಲ್ಲ ಸ್ಯಾಕ್ಸೋಫೋನ್ ನಿಂತಿರುತ್ತಿತ್ತು. ಕೆಮ್ಮು ಹೋದ ಮೇಲೆ ಅಲ್ಲಿ ವಖಾರದ ಗಾಳಿಯೂ ಇಲ್ಲ, ಮಾಡಿನ ಗುಬ್ಬಿಯೂ ಇಲ್ಲ. ಹೆಡ್‌ಫೋನಿನಲ್ಲಿ ಆ ಜಾಗ ಬಂದಾಗ, ಹಾಡಹಗಲಲ್ಲೇ, ಯಾರೋ ಬೆನ್ನ ಹಿಂದೆ ಬಾಯಿ ಮುಚ್ಚಿಕೊಂಡು ನಿಂತಂತೆ ಅನಿಸಿ ಎರಡು ಸಲ ತಿರುಗಿ ನೋಡಿದೆ. ಹಿಂದೆ ಬರೀ ಗೋಡೆ. ಹೆದರಿದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಮಾಮಾ ಬಂದಾಗ ಸ್ಪೀಕರಿನಲ್ಲಿ ಹಚ್ಚಿ, ಹೊಗಳಿಕೆಗೆ ಕಾದು ಕೂತೆ. ಮೊದಲ ಖಾಲಿ ಜಾಗ ಬಂತು. ಅವನು ತಲೆ ಎತ್ತಿ ಬಾಗಿಲ ಕಡೆ ನೋಡಿದ. ಎರಡನೆಯದು ಬಂದಾಗ ಮತ್ತೆ ನೋಡಿದ.

"ಅಕಿ ಎಲ್ಲಿ ಹೋದ್ಲೊ?"

"ಯಾರು, ಮಾಮಾ?"

"ನಿಮ್ಮ ಮಾಮಿ. ಇಲ್ಲಿ ಕೆಮ್ಮತಾಳಲ್ಲ. ಅಕಿ ಕೆಮ್ಮಿದ್ರ ನಾ ನಿಲ್ಲಿಸ್ತಿದ್ನಿ, ಮುಗದ ಮ್ಯಾಲ ಮುಂದ ಹಿಡೀತಿದ್ನಿ. ಫೋಟೊ ಐತಿ ಅಕಿದು. ದನಿ ಅಂದ್ರ ಇದೊಂದ ಐತಿ."

ಸ್ಪೀಕರ್ ನಿಲ್ಲಿಸಿದೆ. ಹೇಳಲೇಬೇಕಿತ್ತು. "ಮಾಮಾ, ಕೆಮ್ಮೆಲ್ಲಾ ನಾನ ತಗದೀನಿ. ತಿರುಗಿ ಬರಾಂಗಿಲ್ಲ."

ಬೈದಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ಹಗುರಾಗುತ್ತಿದ್ದೆ. ಅವನು ಕುರ್ಚಿಯನ್ನು ಸ್ಪೀಕರಿನ ಹತ್ತಿರ ಎಳೆದುಕೊಂಡ.

"ಮೊದಲಿಂದ ಹಚ್ಚು," ಎಂದ.

ಹಚ್ಚಿದೆ. ಕಣ್ಣು ಮುಚ್ಚಿ ಕೂತ. ಸ್ಯಾಕ್ಸೋಫೋನ್ ನಿಂತಿತು. ಮಾಮಾ ಧೋತರದ ಚುಂಗನ್ನು ಬಾಯಿಗೆ ಅಡ್ಡ ಹಿಡಿದು ಕೆಮ್ಮಿದ. ಅದು ಅವನ ಕೆಮ್ಮಲ್ಲ. ಎರಡು ಸಣ್ಣ ಕೆಮ್ಮು, ಆಮೇಲೆ ಒಳಗೆಳೆದ ಉಸಿರು: ಮೂರು ದಿನ ಕಿವಿಗೊಟ್ಟು ನಾನು ಕಿತ್ತು ಹಾಕಿದ್ದೇ ಅದು. ಕೆಮ್ಮು ಮುಗಿಯುತ್ತಲೇ, ಕೇಳಿಸಿಕೊಂಡಂತೆ, ಸ್ಪೀಕರಿನಲ್ಲಿ ಸ್ಯಾಕ್ಸೋಫೋನ್ ಮುಂದೆ ಹಿಡಿಯಿತು.