ಎದುರು ಮನೆಯವರ ಎರಡು ಸಹಿ

ಹಾವೇರಿ ಕಡೆಯ ಕಮಲಾಕ್ಷಿಯವರಿಗೆ ಈಗ ಐವತ್ತಾರು. ಬ್ಯಾಂಕಿನ ಅಧಿಕಾರಿ, ಮೂವತ್ತು ವರ್ಷದಲ್ಲಿ ಹನ್ನೊಂದು ವರ್ಗಾವಣೆ ಕಂಡವರು. ಗಂಡ ತೀರಿಕೊಂಡ ಮೇಲೆ, ವಿಶಾಖಪಟ್ಟಣದಲ್ಲಿದ್ದಾಗ, ಸಕ್ಕರೆ ಕಾಯಿಲೆಗೆ ಹೆದರಿ ಕಡಲ ದಂಡೆಯ ರಸ್ತೆಯಲ್ಲಿ ಬೆಳಗ್ಗೆ ನಡೆಯತೊಡಗಿದರು. ಹೆದರಿಕೆ ಹೋಯಿತು, ನಡಿಗೆ ಹಿಡಿದುಕೊಂಡಿತು. ಈ ವರ್ಷ ಹಿರಿಯರ ಕ್ರೀಡಾಕೂಟದಲ್ಲಿ ಐದು ಕಿಲೋಮೀಟರ್ ವೇಗದ ನಡಿಗೆಗೆ ಮೊದಲ ಸ್ಥಾನ ಬಂತು. ಮುಂದಿನ ಕೂಟ ಕೊಲಂಬೊದಲ್ಲಿ.

ಹೆಸರು ಕಳಿಸುವ ಅರ್ಜಿಯಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಕೇಳಿದ್ದರು. ಕಮಲಾಕ್ಷಿ ತಮ್ಮ ಮತದಾರರ ಚೀಟಿಯ ಸಂಖ್ಯೆ ಬರೆದು ಕಳಿಸಿದರು. ಅರ್ಜಿ ಬಂದ ದಾರಿಯಲ್ಲೇ ವಾಪಸಾಯಿತು. ವಿಶಾಖಪಟ್ಟಣದ ಮಧುರವಾಡದಲ್ಲಿರುವ ಮಗಳು ಧನ್ಯಾಳಿಗೆ ಫೋನ್ ಹಚ್ಚಿದರು.

"ಪಶುಪತಿನಾಥಕ್ಕ ಹೋದಾಗ ಅದs ಚೀಟಿ ತೋರ್ಸಿದ್ನಲ್ಲ?"

"ಅದು ನೇಪಾಳ ಅಮ್ಮಾ, ನಡೀತದ. ಶ್ರೀಲಂಕಾಕ್ಕ ಪಾಸ್‌ಪೋರ್ಟ್ ಬೇಕು ಕದಾ!" ಎಂದಳು ಧನ್ಯಾ, ತೆಲುಗು ಬೆರೆಸಿ.

"ರಾಮೇಶ್ವರದಾಗ ನಿಂತು ಕೂಗಿದ್ರ ಕೇಳಸ್ತೈತಿ, ಅಷ್ಟs ದೂರ."

"ಅಲ್ಲಿ ಕಾಲು ಮುರೀತು, ಚೀಲ ಕಳೀತು ಅಂದ್ರ? ನೀ ಯಾ ದೇಶದಾಕಿ, ನಿನ್ನ ಯಾರು ವಾಪಸ್ ಕರಕೋಬೇಕು ಅಂತ ಹೇಳೋದು ಆ ಪುಸ್ತಕ ಒಂದs."

ಕಮಲಾಕ್ಷಿಗೆ ಮಾತು ನಾಟಿತು. ಹೆಸರು ಕಳಿಸಲು ಉಳಿದದ್ದು ನಲವತ್ತು ದಿನ. ಅಂದೇ ಬ್ಯಾಂಕಿನ ಅನುಮತಿಗೆ ಬರೆದುಕೊಟ್ಟು, ಪಾಸ್‌ಪೋರ್ಟ್ ಅರ್ಜಿ ತುಂಬಿದರು.

ಎಡವಿದ್ದು ಅಲ್ಲೇ. ವರ್ಗಾವಣೆಯ ಜನಕ್ಕೆ ಒಂದು ಚಾಳಿ ಇರುತ್ತದೆ. ಬಾಡಿಗೆ ಮನೆ ಇಂದು ಇದ್ದು ನಾಳೆ ಇಲ್ಲ, ಆದ್ದರಿಂದ ಎಲ್ಲದಕ್ಕೂ ಬ್ಯಾಂಕಿನ ಶಾಖೆಯ ವಿಳಾಸವನ್ನೇ ಕೊಡುವುದು. ವಿಮೆಗೂ ಅದೇ, ಮದುವೆ ಕರೆಯೋಲೆಗೂ ಅದೇ. ಏಳು ತಿಂಗಳ ಹಿಂದೆ ವಿಜಯವಾಡಕ್ಕೆ ಬಂದಾಗ ಕಮಲಾಕ್ಷಿಯವರ ಪಾಸ್‌ಬುಕ್ಕಿನಲ್ಲೂ ಅದೇ ವಿಳಾಸ ಅಚ್ಚಾಗಿತ್ತು. ಅರ್ಜಿಗೂ ಅದನ್ನೇ ಲಗತ್ತಿಸಿದರು. ವಿಚಾರಣೆಗೆಂದು ಶಾಖೆಗೆ ಬಂದ ಕಾನ್‌ಸ್ಟೇಬಲ್, ಮೇಡಂ ಇಲ್ಲೇ ವಾಸವೇ ಎಂದು ಕಾವಲುಗಾರನನ್ನು ಕೇಳಿದ. ಹತ್ತಕ್ಕೆ ಬಂದು ಆರಕ್ಕೆ ಹೋಗುತ್ತಾರೆ ಎಂದು ಅವನು ನಿಜವನ್ನೇ ಹೇಳಿದ. 'ಈ ವಿಳಾಸದಲ್ಲಿ ವಾಸವಿಲ್ಲ' ಎಂಬ ವರದಿ ಹೋಯಿತು, ಕಡತ ನಿಂತಿತು.

ಬೇರೆಯವರಾಗಿದ್ದರೆ ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರೇನೋ. ಕಮಲಾಕ್ಷಿ ರಜೆ ಹಾಕಿ, ಬಾಡಿಗೆ ಕರಾರು ಹಿಡಿದು, ಪಾಸ್‌ಪೋರ್ಟ್ ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತರು. ತಪ್ಪು ತಮ್ಮದೇ ಎಂದು ಬರೆದುಕೊಟ್ಟರು. ಅಧಿಕಾರಿ ವಿಳಾಸ ತಿದ್ದಿಸಿ ಮರುವಿಚಾರಣೆಗೆ ಕಳಿಸಿದರು. "ಈ ಸಲ ಮನೆಯಲ್ಲೇ ಇರಿ. ಅಕ್ಕಪಕ್ಕದವರು ಇಬ್ಬರು ನಿಮ್ಮ ಗುರುತು ಹೇಳಿ ಸಹಿ ಹಾಕಬೇಕಾಗುತ್ತದೆ" ಎಂದರು.

ಕಮಲಾಕ್ಷಿ ಕಂಗಾಲಾದದ್ದು ಆಗ. ಕಾಗದಪತ್ರ ಎಲ್ಲಿಂದಲಾದರೂ ತಂದಾರು, ನೆರೆಯವರನ್ನು ಎಲ್ಲಿಂದ ತರುವುದು? ಹೇಗೂ ಬಿಟ್ಟುಹೋಗುವ ಊರು, ಬಳಕೆ ಬೆಳೆಸಿ ಆಮೇಲೆ ಅಳುವುದೇಕೆ ಎಂದು ಯಾರ ಮನೆಯ ಹೊಸ್ತಿಲನ್ನೂ ತುಳಿದಿರಲಿಲ್ಲ. ಎದುರು ಮನೆಯವರ ಹೆಸರು ಕೂಡ ತಿಳಿಯದು. ನಾಚಿಕೆಯಾಯಿತು. ಆದರೆ ನಾಚಿಕೊಂಡು ಕೂತರೆ ಕೊಲಂಬೊ ತಪ್ಪುತ್ತದೆ. ಸಂಜೆಯೇ ಹೋಗಿ ಎದುರು ಮನೆಯ ಗಂಟೆ ಒತ್ತಿದರು.

ಬಾಗಿಲು ತೆರೆದಾಕೆಯ ಹೆಸರು ಸೀತಾಮಹಾಲಕ್ಷ್ಮಿ. ಜೊತೆಗೆ ಸೊಸೆ ಹಿಮಬಿಂದು. ಕಮಲಾಕ್ಷಿ ತಮ್ಮ ಮುರುಕು ತೆಲುಗಿನಲ್ಲಿ ಹೆಸರು, ಊರು, ಬಂದ ಕೆಲಸ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. "ಹೇಳಿಕೆ ಕೊಡ್ತೀವಿ ಮೇಡಂ ಗಾರು, ಮೊದಲು ಕೂತ್ಕೊಳ್ಳಿ" ಎಂದು ಸೀತಾಮಹಾಲಕ್ಷ್ಮಿ ಕಾಫಿಗೆ ನೀರಿಟ್ಟರು.

ಮೂರನೆಯ ದಿನ ಅದೇ ಕಾನ್‌ಸ್ಟೇಬಲ್ ಬಂದ. ಅತ್ತೆ ಸೊಸೆ ಇಬ್ಬರನ್ನೂ ಕರೆಸಿ, "ಇವರು ನಿಮಗೆ ಎಷ್ಟು ದಿನದಿಂದ ಗೊತ್ತು?" ಎಂದ.

ಮೂರು ದಿನ ಎಂದುಬಿಟ್ಟರೆ ಮುಗಿಯಿತು. ಸುಳ್ಳು ಹೇಳಿ ಎಂದು ಕೇಳುವ ಮನಸ್ಸು ಕಮಲಾಕ್ಷಿಗೆ ಇರಲಿಲ್ಲ.

"ಏಳು ತಿಂಗಳು," ಎಂದರು ಸೀತಾಮಹಾಲಕ್ಷ್ಮಿ. "ದಿನಾ ಐದೂಕಾಲಿಗೆ ಬೂಟು ಹಾಕ್ಕೊಂಡು ಇಳೀತಾರೆ. ಸಂಕ್ರಾಂತಿ ಆದ ಮೇಲೆ ಎರಡು ದಿನ ಇಳೀಲಿಲ್ಲ. ಒಬ್ಬರೇ ಇರೋರು, ಏನಾಯ್ತೋ ಅಂತ ಮೂರನೇ ದಿನ ನಾನು, ಸೊಸೆ ಇವರ ಬಾಗಿಲ ಹತ್ರ ನಿಂತಿದ್ವಿ. ಒಳಗೆ ಕುಕ್ಕರ್ ಕೂಗಿತು. ಸದ್ಯ ಅಂತ ವಾಪಸ್ ಬಂದ್ವಿ."

ಆ ಎರಡು ದಿನ ಕಮಲಾಕ್ಷಿ ಜ್ವರದಲ್ಲಿ ಮಲಗಿದ್ದರು. ತಮ್ಮನ್ನು ಕೇಳುವವರು ಈ ಊರಿನಲ್ಲಿ ಯಾರೂ ಇಲ್ಲವೆಂದು ಅತ್ತೂ ಇದ್ದರು. ಕಾನ್‌ಸ್ಟೇಬಲ್ ಇಬ್ಬರ ಸಹಿ ಪಡೆದು ಹೊರಟ.

ಹೆಸರು ಕಳಿಸಲು ಎರಡು ದಿನ ಉಳಿದಿರುವಾಗ ಅಂಚೆಯಲ್ಲಿ ಪಾಸ್‌ಪೋರ್ಟ್ ಬಂತು. ಕಮಲಾಕ್ಷಿ ನಿಂತಲ್ಲೇ ಸಂಖ್ಯೆ ತುಂಬಿ ಅರ್ಜಿ ಕಳಿಸಿದರು. ಧನ್ಯಾಳಿಗೆ ಹೇಳಬೇಕೆಂದು ಫೋನ್ ಎತ್ತಿಕೊಂಡವರು ಅದನ್ನು ಕೆಳಗಿಟ್ಟು, ಮೊದಲು ಎದುರು ಮನೆಗೆ ಹೋದರು.