ವಿಯೆಟ್ನಾಮಿನಲ್ಲಿ ಕಲಿತ ಕನ್ನಡ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಂಪ್ಲಿಯಲ್ಲಿ ಮೊದಲು ಕೇಳುವುದು ‘ಏನ್ ತಂದ್ರಿ?’ ಎಂದು. ಆಮೇಲೆ ‘ಏನ್ ನೋಡಿದ್ರಿ?’ ಎಂದು. ‘ಏನ್ ಕಲ್ತ್ರಿ?’ ಎಂದು ಯಾರೂ ಕೇಳುವುದಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು. ಕೇಳಿದ್ದರೆ, ಐವತ್ತೆರಡನೆಯ ವಯಸ್ಸಿನಲ್ಲಿ ವಿಮಾನ ಹತ್ತಿ ವಿಯೆಟ್ನಾಮಿಗೆ ಹೋಗಿ ಸ್ವಂತ ಅಣ್ಣನ ಜೊತೆ ಮಾತಾಡುವುದನ್ನು ಕಲಿತು ಬಂದೆ ಎಂದು ನಾನು ಹೇಳಬೇಕಾಗುತ್ತಿತ್ತು. ಅಷ್ಟಕ್ಕೆ ಪಾಸ್‌ಪೋರ್ಟ್ ಬೇಕಾಗಿತ್ತೇನ್ರಿ ಎಂದು ಅವರು ನಗುತ್ತಿದ್ದರು. ಬೇಕಾಗಿತ್ತು ಅನ್ನುವುದೇ ನನ್ನ ತಪ್ಪೊಪ್ಪಿಗೆ.

ಹಾಗೆ ನೋಡಿದರೆ ನಮ್ಮ ಕಡೆಯವರಿಗೆ ಪರದೇಶ ಹೊಸದಲ್ಲ. ನಾವು ಹೋಗದಿದ್ದರೂ ಅದೇ ನಮ್ಮ ಬಳಿಗೆ ಬರುತ್ತಿರುತ್ತದೆ. ಹಂಪಿಯ ಬಿಸಿಲಿನಲ್ಲಿ ಟೊಮೆಟೊ ಹಣ್ಣಿನ ಬಣ್ಣಕ್ಕೆ ತಿರುಗಿದ ಮುಖ ಹೊತ್ತು, ನಾವು ದಿನಾ ಹಾದು ಹೋಗುವ ಬಂಡೆಯ ಮುಂದೆ ಅರ್ಧ ದಿನ ಕೂರುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ವಿಜಯನಗರದ ಕಾಲದಲ್ಲಿ ಪರ್ಷಿಯಾ, ಪೋರ್ಚುಗಲ್ ಕಡೆಯಿಂದ ಬಂದವರೂ ರತ್ನದ ಅಂಗಡಿಗಳನ್ನು ನೋಡಿದ್ದಲ್ಲದೆ, ಇಲ್ಲಿನ ಜನ ವೀಳ್ಯದೆಲೆ ಹಾಕಿಕೊಳ್ಳುವ ಸೊಗಸನ್ನೂ ಬೆರಗಿನಿಂದ ಬರೆದಿಟ್ಟಿದ್ದಾರಂತೆ. ಅಷ್ಟು ದೂರದಿಂದ ಬಂದು ಎಲೆ ಅಡಿಕೆಯನ್ನು ನೋಡುವುದೇ ಎಂದು ನನಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ.

ನಮ್ಮವರು ಹೋಗಿ ಬಂದು ಕಲಿತದ್ದು ಎಷ್ಟು ದಿನ ಬಾಳುತ್ತದೆ ಅನ್ನುವುದು ಬೇರೆ ಮಾತು. ಸಂಡೂರಿನ ನನ್ನ ಗೆಳೆಯನೊಬ್ಬ ಸಿಂಗಪುರ ನೋಡಿ ಬಂದವನು ಏಳು ದಿನ ರಸ್ತೆಯಲ್ಲಿ ಉಗುಳಲಿಲ್ಲ. ಎಂಟನೆಯ ದಿನ ಭಾರತಕ್ಕೆ ವಾಪಸ್ಸಾದ.

ಇನ್ನು ನನ್ನ ಕಥೆ. ಕಂಪ್ಲಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ. ಅಪ್ಪ ಹೋದಾಗ ನಾನು ಮೂರನೆಯ ಕ್ಲಾಸು, ಅಣ್ಣ ಪಂಪಣ್ಣ ಏಳನೆಯದು. ಅವನು ಶಾಲೆ ಬಿಟ್ಟು ಗಿರಣಿಗೆ ಬಂದ, ನಾನು ಹೊಸಪೇಟೆಯ ಕಾಲೇಜಿಗೆ ಹೋಗಿ ಡಿಗ್ರಿ ತಂದೆ. ಡಿಗ್ರಿಯ ಜೊತೆಗೆ ಉದ್ದ ನಾಲಗೆಯೂ ಬಂತು. ಮೂರು ವರ್ಷದ ಹಿಂದೆ ಗಿರಣಿಗೆ ಅಕ್ಕಿಯ ಬಣ್ಣ ನೋಡಿ ಕಪ್ಪು ಕಾಳು ಆರಿಸುವ ಹೊಸ ಯಂತ್ರ ಬಂದಿತ್ತು. ಅದನ್ನು ಕೂರಿಸಲು ಬಂದ ಎಂಜಿನಿಯರನನ್ನು ಅಣ್ಣ ಒಂದು ಮಾತು ಕೇಳಿದ.

“ಹಸಿ ಭತ್ತ ಬೀಸಿದ ಅಕ್ಕಿ ಬಂದ್ರ ಇದಕ್ಕ ಗುರ್ತು ಸಿಗತೈತೇನ್ರಿ?”

ಎಂಜಿನಿಯರ್ ಬಾಯಿ ತೆರೆಯುವ ಮೊದಲೇ ನಾನು ಅಂದೆ: “ಅವೆಲ್ಲ ನಿನಗ ತಿಳಿಯಂಗಿಲ್ಲ ಸುಮ್ಕಿರಣ್ಣ. ಏಳನೇತ್ತಕ್ಕ ಬಿಟ್ಟಾವ ನೀನು.”

ಹಮಾಲರೆಲ್ಲ ಅಲ್ಲೇ ಇದ್ದರು. ಒಬ್ಬ ನಕ್ಕ. ಅಣ್ಣ ಸುಮ್ಮನಾದ. ಎಷ್ಟು ಸುಮ್ಮನಾದನೆಂದರೆ ಮೂರು ವರ್ಷ ನನ್ನ ಜೊತೆ ಒಂದಕ್ಷರ ಆಡಲಿಲ್ಲ. ತಪ್ಪಾಯಿತು ಅನ್ನಬೇಕಿದ್ದ ನಾನು, ಅವನೇ ಮೊದಲು ಮಾತಾಡಲಿ ಎಂದು ಕಾದೆ. ಒಂದೇ ಅಂಗಳದ ಎರಡು ಮನೆ. ‘ಅತ್ತಿಗೆ, ನಾಳೆ ಮೆಟ್ರಿಯಿಂದ ಎರಡು ಲೋಡ್ ಭತ್ತ ಬರತೈತಂತ ಹೇಳ್ರಿ’ ಎಂದು ನಾನು ಹೇಳುವಾಗ ಅಣ್ಣ ಮೂರು ಮಾರು ದೂರದಲ್ಲಿ ಕೂತು ಚಹಾ ಕುಡಿಯುತ್ತಿರುತ್ತಿದ್ದ. ಅತ್ತಿಗೆ ಅವನ ಕಡೆ ತಿರುಗಿ, ‘ಮೆಟ್ರಿಯಿಂದ ಎರಡು ಲೋಡ್ ಬರತೈತಂತ’ ಅನ್ನುತ್ತಿದ್ದರು. ‘ಬರಲಂತ ಹೇಳು’ ಅನ್ನುತ್ತಿದ್ದ. ಅವರು ಮತ್ತೆ ನನ್ನ ಕಡೆ ತಿರುಗುತ್ತಿದ್ದರು. ಪಾಪ, ಅವರ ಕುತ್ತಿಗೆಗೆ ಆದ ತೊಂದರೆಗೆ ನಾವಿಬ್ಬರೇ ಕಾರಣ.

ಹೀಗಿರುವಾಗ ನಮ್ಮ ಸುತ್ತಿನ ಗಿರಣಿಯವರೆಲ್ಲ ಸೇರಿ ವಿಯೆಟ್ನಾಮಿನ ಅಕ್ಕಿ ಗಿರಣಿಗಳನ್ನು ನೋಡಿ ಬರಲು ಹೊರಟರು. ಅಣ್ಣ ಬರಲಾರ ಎಂದು ನಾನು ಹೆಸರು ಕೊಟ್ಟೆ. ತಮ್ಮ ಬರಲಾರ ಎಂದು ಅವನೂ ಕೊಟ್ಟ. ವಿಷಯ ಗೊತ್ತಿದ್ದ ಅತ್ತಿಗೆ ಇಬ್ಬರಿಗೂ ಹೇಳಲಿಲ್ಲ. ಆ ಒಂದು ಸಲ ಮಾತ್ರ ಅವರು ಸುದ್ದಿ ದಾಟಿಸುವುದನ್ನು ಮರೆತರು. ಇಬ್ಬರ ಚೀಲಕ್ಕೂ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತುಂಬಿ ಕಳಿಸಿದರು.

ಅಲ್ಲಿ ಎರಡು ವ್ಯಾನಿನಲ್ಲಿ ನಮ್ಮ ತಿರುಗಾಟ. ಅಣ್ಣ ಮುಂದಿನದರಲ್ಲಿ, ನಾನು ಹಿಂದಿನದರಲ್ಲಿ. ನಾಲ್ಕನೆಯ ದಿನ ಬೆಳಿಗ್ಗೆ ಮೆಕಾಂಗ್ ನದಿಯ ಬಯಲಿನ ಒಂದು ಸಣ್ಣ ಊರಿನಲ್ಲಿ ಕಾಫಿಗೆ ನಿಲ್ಲಿಸಿದರು. ಎಲ್ಲರೂ ಕುಡಿದು ಹೊರಡುವ ಹೊತ್ತಿಗೆ, ಅಣ್ಣ ಕಾಲುವೆ ದಂಡೆಯ ಮೇಲೆ ಒಬ್ಬನೇ ನಡೆದು ಹೋಗುತ್ತಿರುವುದು ಕಂಡಿತು. ದೂರದಲ್ಲಿ ಒಂದು ಅಕ್ಕಿ ಗಿರಣಿಯ ಮುಂದೆ ದೋಣಿಯಿಂದ ಭತ್ತ ಇಳಿಸುತ್ತಿದ್ದರು. ಭತ್ತದ ರಾಶಿ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ‘ಅಣ್ಣಾ, ವ್ಯಾನ್ ಹೊಂಟೈತಿ’ ಎಂದು ಒಂದು ಕೂಗು ಹಾಕಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೂರು ವರ್ಷದಿಂದ ಉಳಿಸಿಕೊಂಡು ಬಂದ ಮೌನವನ್ನು ಒಂದು ವ್ಯಾನಿಗಾಗಿ ಮುರಿಯಲು ಮನಸ್ಸಾಗಲಿಲ್ಲ. ನನ್ನ ಪರವಾಗಿ ಕೂಗಲು ಅತ್ತಿಗೆಯೂ ಇರಲಿಲ್ಲ. ಅವನಿಗೇ ಕಾಣಲಿ ಎಂದು ಮೂವತ್ತು ಹೆಜ್ಜೆ ಹಿಂದೆ, ಕೆಮ್ಮುತ್ತಾ, ನಡೆದೆ. ಅವನು ತಿರುಗಲಿಲ್ಲ. ನಾನು ಕೆಮ್ಮಿಕೊಂಡೇ ಗಿರಣಿಯವರೆಗೆ ಹೋದೆ.

ಅತ್ತ ಮುಂದಿನ ವ್ಯಾನಿನವರು ಪಂಪಣ್ಣ ಹಿಂದಿನದರಲ್ಲಿ ತಮ್ಮನ ಜೊತೆ ಕೂತಿದ್ದಾನೆ ಅಂದುಕೊಂಡರಂತೆ. ಹಿಂದಿನವರು ನಾನು ಮುಂದಿನದರಲ್ಲಿ ಅಣ್ಣನ ಜೊತೆ ಹೋದೆ ಅಂದುಕೊಂಡರಂತೆ. ಅಂತೂ ಅಣ್ಣ ತಮ್ಮ ಒಂದಾದರಲ್ಲ ಎಂದು ಎರಡೂ ವ್ಯಾನಿನವರು ಖುಷಿಯಾಗಿ ಹೊರಟುಹೋದರು.

ನಾನು ತಿರುಗಿ ನೋಡಿದಾಗ ರಸ್ತೆ ಖಾಲಿ. ನನ್ನ ಫೋನು ವ್ಯಾನಿನಲ್ಲಿ ಚಾರ್ಜಿಗೆ ಇಟ್ಟಿದ್ದೆ. ಅಣ್ಣನ ಫೋನು ಆ ದೇಶದಲ್ಲಿ ಗಡಿಯಾರವಾಗಿ ಮಾತ್ರ ಕೆಲಸ ಮಾಡುತ್ತಿತ್ತು. ಗಿರಣಿಯಲ್ಲಿ ಕಂಡಕಂಡವರಿಗೆ ನನ್ನ ಕಾಲೇಜಿನ ಇಂಗ್ಲಿಷಿನಲ್ಲಿ ಕೇಳಿದೆ. ಎಲ್ಲರೂ ಸೌಜನ್ಯದಿಂದ ನಕ್ಕರು. ಒಬ್ಬ ನನಗೆ ಕುಡಿಯಲು ನೀರು ತಂದುಕೊಟ್ಟ. ‘ಬಸ್, ಬಸ್’ ಎಂದು ಸ್ಟಿಯರಿಂಗ್ ತಿರುಗಿಸಿ ತೋರಿಸಿದೆ. ಇನ್ನೊಬ್ಬ ಕಕ್ಕಸಿನ ದಾರಿ ತೋರಿಸಿದ. ಆಮೇಲೆ ಬೇರೆ ದಾರಿಯೇ ಉಳಿಯಲಿಲ್ಲ. ಆ ಊರಿನಲ್ಲಿ ನನ್ನ ಮಾತು ತಿಳಿಯುವವನು ಒಬ್ಬನೇ ಇದ್ದ.

“ವ್ಯಾನ್ ಹೋತಣ್ಣ” ಅಂದೆ.

ಅಣ್ಣ ಭತ್ತದ ರಾಶಿಯಿಂದ ಕಣ್ಣು ತೆಗೆಯಲಿಲ್ಲ. “ಹೋಗಲಿ ಬಿಡು. ಎಣಿಸಿದ್ರ ಬರತಾರ. ಇಲ್ಲಿ ನೋಡು, ಈ ಭತ್ತ ಎಷ್ಟ್ ಉದ್ದ ಐತಿ.”

ಮೂರು ವರ್ಷದ ಮೌನ ಇಷ್ಟು ಸಪ್ಪೆಯಾಗಿ ಮುಗಿಯುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಗಿರಣಿಯ ಒಡತಿ ಅರವತ್ತರ ಆಚೀಚಿನ ಹೆಂಗಸು, ತಲೆಗೆ ಬಿದಿರಿನ ಚೂಪು ಟೋಪಿ. ತನ್ನ ರಾಶಿಗೆ ಕೈ ಹಾಕಿದ ಈ ಪಂಚೆಯ ಮನುಷ್ಯ ಯಾರೆಂದು ಹುಬ್ಬು ಗಂಟಿಕ್ಕಿ ಬಂದರು. ಅಣ್ಣ ಹಿಡಿ ಭತ್ತ ಎತ್ತಿ ಅಂಗೈಯಲ್ಲಿ ತಿಕ್ಕಿ, ಊದಿ ಹೊಟ್ಟು ಹಾರಿಸಿ, ಒಂದು ಕಾಳನ್ನು ಹಲ್ಲಿಗೆ ಕೊಟ್ಟು ಕಡಿದ. ಟಕ್ ಅನ್ನಲಿಲ್ಲ. ತಲೆ ಅಡ್ಡ ಅಲ್ಲಾಡಿಸಿ, ಬಿಸಿಲಿನ ಕಡೆ ಕೈ ಮಾಡಿ, ಎರಡು ಬೆರಳು ತೋರಿಸಿದ. ಇನ್ನೆರಡು ದಿನ ಒಣಗಬೇಕು. ಆಕೆ ಅವನನ್ನೇ ನೋಡಿದರು. ತಾವೂ ಒಂದು ಕಾಳು ಕಡಿದರು. ದೋಣಿಯವನ ಕಡೆ ತಿರುಗಿ ಏನೋ ಗದರಿದರು. ನನಗೆ ಅವರ ಭಾಷೆ ಬಾರದಿದ್ದರೂ ಅವರೇನು ಅಂದರು ಅನ್ನುವುದು ಪೂರ್ತಿ ತಿಳಿಯಿತು. ಅಣ್ಣ ನಮ್ಮೂರಿನಲ್ಲಿ ದಿನಾ ಅನ್ನುವುದು ಅದನ್ನೇ.

ಆಮೇಲಿನ ಒಂದು ತಾಸು ಅವರಿಬ್ಬರೂ ಮಾತಾಡಿದ್ದೇ ಮಾತಾಡಿದ್ದು, ಬಾಯಿಂದಲ್ಲ, ಕಾಳಿನಿಂದ. ಆಕೆ ಒಂದೊಂದೇ ತಳಿಯ ಭತ್ತ ತಂದು ಅವನ ಅಂಗೈಗೆ ಹಾಕುವುದು, ಅವನು ಮೂಸುವುದು, ಕಡಿಯುವುದು, ‘ಭಾಳ ಚಲೋ ಐತ್ರಿ’ ಅನ್ನುವುದು, ಆಕೆ ತಮ್ಮ ಭಾಷೆಯಲ್ಲಿ ಏನೋ ಉತ್ತರಿಸಿ ನಗುವುದು. ಡಿಗ್ರಿ ಹೊತ್ತುಕೊಂಡು ನಾನು ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದೆ. ನಲವತ್ತಕ್ಕೂ ಹೆಚ್ಚು ವರ್ಷದಿಂದ ಒಂದೇ ಗಿರಣಿಯಲ್ಲಿ ಅವನು ಹೀಗೆ ಕಾಳು ಕಡಿಯುವುದನ್ನು ನೋಡಿದ್ದೇನೆ. ಅದೊಂದು ವಿದ್ಯೆ ಎಂದು ಹೊಳೆದದ್ದು ಅದಕ್ಕೆ ಹೊರಗಿನ ಒಬ್ಬರು ಬೆರಗಾದಾಗ.

ಮಧ್ಯಾಹ್ನ ಆಕೆ ಊಟಕ್ಕೆ ಕೂರಿಸಿದರು. ಮೀನು ನಮಗಾಗದು ಎಂದು ಅಣ್ಣ ಕೈ ಮುಗಿದ. ಅವರು ಬೇಸರ ಮಾಡಿಕೊಳ್ಳದೆ ಬಿಳಿ ಅನ್ನ, ಸೊಪ್ಪು ಇಟ್ಟರು. ಅಣ್ಣ ಹೆಗಲಿಗಿದ್ದ ಚೀಲದಿಂದ ರೊಟ್ಟಿ, ಚಟ್ನಿಪುಡಿ ತೆಗೆದ. ಆಕೆ ರೊಟ್ಟಿಯನ್ನು ಮುರಿದು ಅದರ ಸದ್ದಿಗೆ ನಕ್ಕರು, ಚಟ್ನಿಪುಡಿಯ ಖಾರಕ್ಕೆ ಕಣ್ಣು ಒರೆಸಿಕೊಂಡರು, ಮತ್ತೆ ಕೈ ಚಾಚಿದರು. ಊಟದ ನಡುವೆ ನಮ್ಮಿಬ್ಬರ ಮೂಗಿನ ಕಡೆ ಬೆರಳು ಮಾಡಿ, ಎರಡು ಬೆರಳು ಜೋಡಿಸಿ, ಪ್ರಶ್ನೆಯಂತೆ ನೋಡಿದರು. ಅಣ್ಣ ತಮ್ಮಂದಿರಾ?

ಅಣ್ಣ ಹೌದೆಂದು ತಲೆ ಆಡಿಸಿದ. ಆಮೇಲೆ ನೆಲದಿಂದ ಎರಡಡಿ ಎತ್ತರಕ್ಕೆ ಅಂಗೈ ಹಿಡಿದು ನನ್ನನ್ನು ತೋರಿಸಿದ. ಇಷ್ಟಿದ್ದ. ತನ್ನ ಹೆಗಲು ತಟ್ಟಿ ತೋರಿಸಿದ. ಇಲ್ಲಿ ಹೊತ್ತಿದ್ದೆ. ಬರೆಯುವಂತೆ ಗಾಳಿಯಲ್ಲಿ ಬೆರಳಾಡಿಸಿ ನನ್ನ ಕಡೆ ಕೈ ಮಾಡಿದ. ಓದಿದವನು. ಅವನ ಮುಖದಲ್ಲಿ ಹೆಮ್ಮೆಯಲ್ಲದೆ ಬೇರೇನೂ ಇರಲಿಲ್ಲ. ಕನ್ನಡದಲ್ಲಿ ಅವನು ಈ ಮಾತನ್ನು ಯಾರ ಮುಂದಾದರೂ ಆಡಿದ್ದನೋ ಏನೋ, ನಾನಂತೂ ಕೇಳಿರಲಿಲ್ಲ.

ಆಕೆ ತಟ್ಟೆ ಎತ್ತಿಕೊಂಡು ಒಳಗೆ ಹೋದಾಗ ಹೇಳಿದೆ: “ಅಣ್ಣಾ, ಅವತ್ತು ಹಮಾಲರ ಮುಂದ ನಾನು ಹಂಗ ಅನಬಾರದಿತ್ತು.”

ಅವನು ಬೆರಳಿಗಂಟಿದ್ದ ಚಟ್ನಿಪುಡಿಯನ್ನು ಪಂಚೆಗೆ ಒರೆಸಿಕೊಂಡ.

“ನೀ ಅಂದದ್ದು ಸುಳ್ಳಲ್ಲ. ಓದಿಲ್ಲ ನಾನು” ಅಂದ. “ಸುಳ್ಳಾಗಿದ್ರ ಬೈದು ಬಿಡತಿದ್ದೆ. ಖರೇ ಇತ್ತಲ್ಲ, ಅದಕ್ಕ ಭಾಳ ನೋವಾತು.”

“ತಪ್ಪಾತಣ್ಣ.”

“ಆತು ಬಿಡು. ನಾನರ ಒಂದು ಮಾತು ಬೈದು ಮುಗಿಸಬೇಕಿತ್ತು. ಸಿಟ್ಟು ಹಿಡಕೊಂಡು ಕುಂತು ನನಗೂ ಸಾಕಾಗಿತ್ತು.” ಆಮೇಲೆ ನನ್ನ ಕಡೆ ತಿರುಗಿದ. “ಹೌದು, ಆ ಯಂತ್ರ ಹಸಿ ಭತ್ತದ ಅಕ್ಕಿ ಗುರ್ತು ಹಿಡಿತೈತೋ ಇಲ್ಲೋ?”

“ಇಲ್ಲಣ್ಣ. ಹಿಡಿಯಂಗಿಲ್ಲ.”

“ನನಗ ಗೊತ್ತಿತ್ತು” ಅಂದ, ಮೂರು ವರ್ಷ ಕಾದಿದ್ದ ಉತ್ತರ ಸಿಕ್ಕಂತೆ. ಮುಖ ಅರಳಿತು.

ವ್ಯಾನುಗಳು ತಿರುಗಿ ಬಂದಾಗ ನಮ್ಮವರು ಗಾಬರಿಯಿಂದ ಇಳಿದರು. ಹೊರಡುವಾಗ ಆಕೆ ಅಣ್ಣನ ಕೈಗೆ ಎರಡು ಹಿಡಿ ಭತ್ತ ಸುರಿದರು. ಬೀಜವನ್ನು ಹಾಗೆಲ್ಲ ದೇಶ ದಾಟಿಸಬಾರದು ಎಂದು ನಾನು ವಿವರಿಸಿದೆ. ಅವನು ಅದನ್ನು ಅವರ ರಾಶಿಗೇ ಮೆಲ್ಲಗೆ ಬಿಟ್ಟು ನಮಸ್ಕಾರ ಮಾಡಿದ. ಹೀಗಾಗಿ ‘ಏನ್ ತಂದ್ರಿ?’ ಎಂದು ಕೇಳಿದವರಿಗೆ ತೋರಿಸಲು ನಮ್ಮ ಬಳಿ ಏನೂ ಇಲ್ಲ.

ದೇಶ ಸುತ್ತಿದರೆ ಮನುಷ್ಯ ದೊಡ್ಡವನಾಗುತ್ತಾನೆ ಎಂದು ತಿಳಿದವರು ಹೇಳುತ್ತಾರೆ. ನನಗಾದದ್ದು ಅದರ ವಿರುದ್ಧ. ಭಾಷೆ, ಡಿಗ್ರಿ, ಊರಿನವರ ನಮಸ್ಕಾರ ಎಲ್ಲ ಕಳಚಿ, ಎರಡಡಿ ಎತ್ತರದ ಹುಡುಗನಾಗಿ ಸ್ಟೂಲಿನ ಮೇಲೆ ಕೂತೆ. ಪಕ್ಕದಲ್ಲಿದ್ದವನು ಎಷ್ಟು ದೊಡ್ಡವನೆಂದು ಆ ಎತ್ತರದಿಂದ ಚೆನ್ನಾಗಿ ಕಾಣುತ್ತದೆ. ಹಂಪಿಯಲ್ಲಿ ಬಂಡೆಯ ಮುಂದೆ ಸುಮ್ಮನೆ ಕೂತವರನ್ನು ಕಂಡರೆ ಈಗ, ಇವರ ಊರಿನಲ್ಲಿ ಯಾರ ಜೊತೆ ಮಾತು ಬಿಟ್ಟು ಬಂದಿದ್ದಾರೋ ಅನ್ನಿಸುತ್ತದೆ.

ಬೆಂಗಳೂರಿನಿಂದ ರೈಲಿನಲ್ಲಿ ಬಂದು ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದು ಕಂಪ್ಲಿ ಬಸ್ಸು ಹಿಡಿದೆವು. ಕಮಲಾಪುರ ದಾಟುವಷ್ಟರಲ್ಲಿ ಭತ್ತ ಒಣಗಿಸುವ ಹೊಸ ಯಂತ್ರ ಬೇಕೋ ಬೇಡವೋ ಎಂದು ನಮ್ಮಿಬ್ಬರ ದನಿ ಏರಿತ್ತು. ನಾನು ಬೇಕೆಂದೆ. ಅಣ್ಣ, “ಬಿಸಿಲು ಇರೋ ಊರಾಗ ಯಂತ್ರ ಯಾಕಲೇ?” ಎಂದು ಸೀಟು ಬಡಿದ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ಮುಂದಿನ ಸೀಟಿನಲ್ಲಿದ್ದ ಮುದುಕಿ ತಾಳಲಾರದೆ ಹಿಂದೆ ತಿರುಗಿದಳು.

“ಯಪ್ಪಾ, ಒಡಹುಟ್ಟಿದವ್ರು ಇದ್ದಂಗ ಅದೀರಿ. ಬಸ್ಸಿನಾಗ ಹಿಂಗ ಜಗಳ ಆಡಬ್ಯಾಡ್ರಿ.”

“ಜಗಳ ಎಲ್ಲೈತಬೇ ಯವ್ವಾ?” ಅಂದ ಅಣ್ಣ, ಹಲ್ಲು ಕಾಣುವಂತೆ ನಗುತ್ತಾ. “ಮಾತಾಡಾಕತ್ತೀವಿ.”